ಮುಖಪುಟದ ಬಣ್ಣ, ಚಿತ್ರ ನೋಡಿ ಪುಸ್ತಕ ಆರಿಸುವುದು ಹೇಗೆ?

ಗ್ರಂಥಾಲಯದ ಒಳಗೆ ಹೋದರೆ ಕಾಲು ತಾನಾಗಿಯೇ ಹಳೆಯ ಕಪಾಟಿನ ಮುಂದೆ ನಿಲ್ಲುತ್ತದೆ. ಕಾದಂಬರಿ ಓದುವವರು ಕಾದಂಬರಿಯ ಸಾಲಿಗೆ, ಅದರಲ್ಲೂ ಗೊತ್ತಿರುವ ನಾಲ್ಕೈದು ಹೆಸರುಗಳ ಕಡೆಗೇ ಹೋಗುತ್ತಾರೆ. ಈ ರೂಢಿ ಮುರಿಯಲು ಒಂದು ಸುಲಭದ ಉಪಾಯವಿದೆ. ಲೇಖಕರ ಹೆಸರು, ಪ್ರಕಾರ, ಅವರಿವರ ಶಿಫಾರಸು ಎಲ್ಲವನ್ನೂ ಬದಿಗಿಟ್ಟು ಮುಖಪುಟದ ಬಣ್ಣವನ್ನೋ ಚಿತ್ರವನ್ನೋ ಹಿಡಿದು ಹುಡುಕುವುದು. ಹುಡುಗಾಟದಂತೆ ಕಂಡರೂ ಇದರಿಂದ ಕೈಗೆ ಬರುವ ಪುಸ್ತಕಗಳು ಬೇರೆ ದಾರಿಯಲ್ಲಿ ಬರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಮೊದಲೇ ಇರಲಿ. ಮುಖಪುಟ ಹೇಗಿರಬೇಕೆಂದು ಪುಸ್ತಕ ಬರೆದವರು ನಿರ್ಧರಿಸುವುದು ಕಡಿಮೆ. ಅದು ಪ್ರಕಾಶಕರ, ಕಲಾವಿದರ, ಆ ವರ್ಷದ ಮುದ್ರಣದ ಖರ್ಚಿನ ತೀರ್ಮಾನ. ಹಾಗಾಗಿ ಪುಸ್ತಕವನ್ನು ಕಪಾಟಿನಿಂದ ಹೊರಗೆಳೆಯುವ ಅಧಿಕಾರವನ್ನಷ್ಟೇ ಬಣ್ಣಕ್ಕೆ ಕೊಡಿ. ಮನೆಗೆ ಒಯ್ಯಬೇಕೋ ಬೇಡವೋ ಎಂಬುದನ್ನು ಒಳಗಿನ ಪುಟಗಳು ಹೇಳಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಪುಸ್ತಕದಂಗಡಿಗೂ ಸಲ್ಲುತ್ತದೆ.

ಬಣ್ಣವನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಿ

ಅಲ್ಲಿಗೆ ಹೋಗಿ ನೋಡೋಣ ಎಂದರೆ ಮತ್ತೆ ಪರಿಚಿತ ಹೆಸರಿಗೇ ಕೈ ಹೋಗುತ್ತದೆ. ಹೊರಡುವ ಮುನ್ನವೇ ಒಂದು ಬಣ್ಣ ನಿಶ್ಚಯಿಸಿ. ಕೆಲಸಕ್ಕೆ ಆರು ಗುಂಪು ಸಾಕು: ಕೆಂಪು ಮತ್ತು ಕುಂಕುಮ, ಅರಿಶಿನ ಮತ್ತು ಕೇಸರಿ, ಹಸಿರು, ನೀಲಿ, ಕಪ್ಪು; ಬಿಳಿ, ಮಣ್ಣು, ಬೆಲ್ಲದ ಬಣ್ಣಗಳೆಲ್ಲ ಸೇರಿ ಇನ್ನೊಂದು. ಸೀರೆ ಅಂಗಡಿಯಲ್ಲಿ ಕೇಳುವಂತೆ ರಾಮಾ ಗ್ರೀನ್, ಆನಂದ ಬ್ಲೂ ಎಂದು ಸೂಕ್ಷ್ಮಕ್ಕೆ ಇಳಿದರೆ ಸಂಜೆಯವರೆಗೂ ಒಂದೂ ಸಿಗುವುದಿಲ್ಲ.

ಮುಖಪುಟದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಯಾವ ಬಣ್ಣ ಹಿಡಿದಿದೆಯೋ ಪುಸ್ತಕ ಆ ಗುಂಪಿಗೆ ಸೇರಿತು. ಎರಡು ಬಣ್ಣ ಸಮಸಮವಾಗಿದ್ದರೆ ಶೀರ್ಷಿಕೆಯ ಅಕ್ಷರದ ಬಣ್ಣ ತೀರ್ಮಾನಿಸಲಿ. ಮೊದಲ ಸಲಕ್ಕೆ ನಿಮಗೆ ಇಷ್ಟವಿಲ್ಲದ ಬಣ್ಣವನ್ನೇ ಹಿಡಿಯಿರಿ. ಇಷ್ಟದ ಬಣ್ಣದ ಪುಸ್ತಕಗಳನ್ನು ಗೊತ್ತಿಲ್ಲದೆಯೇ ಈಗಾಗಲೇ ಸಾಕಷ್ಟು ಓದಿರುತ್ತೀರಿ.

ಒಂದು ಸುತ್ತಿಗೆ ಮೂರು ಪುಸ್ತಕ ಎಳೆಯಿರಿ. ಒಂದನ್ನೇ ಎಳೆದರೆ ಆಯ್ಕೆ ಎಂಬುದೇ ಉಳಿಯುವುದಿಲ್ಲ, ಹತ್ತು ಎಳೆದರೆ ನೋಡುವ ತಾಳ್ಮೆ ಇರುವುದಿಲ್ಲ. ಮೂರೂ ಬೇರೆ ಬೇರೆ ಪ್ರಕಾಶನದವು ಆಗಿರಬೇಕು. ಇದನ್ನು ಬಿಟ್ಟುಕೊಡಬೇಡಿ. ಪ್ರಕಾಶಕರು ಒಂದು ಮಾಲೆಯ ಪುಸ್ತಕಗಳಿಗೆಲ್ಲ ಒಂದೇ ಬಣ್ಣ, ಒಂದೇ ವಿನ್ಯಾಸ ಕೊಡುವುದುಂಟು. ಹಾಗಾದಾಗ ಮೂರು ಕೆಂಪು ಪುಸ್ತಕ ತಂದೆವು ಎಂದುಕೊಂಡವರು ನಿಜಕ್ಕೆ ಒಂದೇ ಮಾಲೆಯ ಮೂರು ಸಂಪುಟ ತಂದಿರುತ್ತಾರೆ.

ಎಲ್ಲಿ ಹುಡುಕಬೇಕು

ಜಿಲ್ಲಾ ಕೇಂದ್ರ ಗ್ರಂಥಾಲಯ ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುವವರು ಆ ಪುಸ್ತಕಗಳಿಗೆ ಆಗಲೇ ದುಡ್ಡು ಕೊಟ್ಟಾಗಿದೆ, ಸಂಕೋಚ ಬೇಡ. ಆದರೆ ಅಲ್ಲಿ ಈ ವಿಧಾನಕ್ಕೆ ಎರಡು ಅಡ್ಡಿಗಳಿವೆ.

ಒಂದು, ಕಪಾಟಿನಲ್ಲಿ ಕಾಣುವುದು ಪುಸ್ತಕದ ಬೆನ್ನು ಮಾತ್ರ. ಬೆನ್ನು ಕಪ್ಪು, ಮುಖ ಹಳದಿ ಇರುವ ಪುಸ್ತಕಗಳು ಬೇಕಾದಷ್ಟಿವೆ. ಜೊತೆಗೆ 80 ಪುಟದ ಪುಸ್ತಕದ ಬೆನ್ನು ನಾಲ್ಕೈದು ಮಿಲಿಮೀಟರ್ ದಪ್ಪ, ಅದರ ಮೇಲೆ ಶೀರ್ಷಿಕೆ ಅಚ್ಚು ಹಾಕಲು ಜಾಗವೇ ಇಲ್ಲ. ಇನ್ನೂ ತೆಳುವಾದವಕ್ಕೆ ನಡುವೆ ಪಿನ್ ಹೊಡೆದಿರುತ್ತಾರೆ, ಅವಕ್ಕೆ ಬೆನ್ನೇ ಇರುವುದಿಲ್ಲ. ಕವನ ಸಂಕಲನ, ನಾಟಕ, ಉಪನ್ಯಾಸದ ಕಿರುಹೊತ್ತಗೆಗಳು ದಪ್ಪ ಕಾದಂಬರಿಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿರುವುದು ಇದೇ ಕಾರಣಕ್ಕೆ. ಪ್ರತಿ ಸಾಲಿನಲ್ಲಿ ಬೆರಳು ಓಡಿಸಿ, ತೆಳುವಾಗಿ ಸಿಕ್ಕಿದ್ದನ್ನು ಅರ್ಧ ಹೊರಗೆಳೆದು ಮುಖ ನೋಡಿ. ಬೇಡವೆಂದರೆ ಅದೇ ಜಾಗಕ್ಕೆ ತಳ್ಳಿ. ಬೇರೆ ಕಡೆ ಇಟ್ಟ ಪುಸ್ತಕ ಗ್ರಂಥಾಲಯದಲ್ಲಿ ಕಳೆದುಹೋದ ಪುಸ್ತಕಕ್ಕೆ ಸಮ. ಹಾಗೆಯೇ, ಓದಿ ಹಿಂದಿರುಗಿಸಿದ ಪುಸ್ತಕಗಳನ್ನು ರಾಶಿ ಹಾಕಿರುವ ಮೇಜನ್ನು ಬಿಡಬೇಡಿ. ಮುಖಪುಟ ಮೇಲಾಗಿ ಬಿದ್ದಿರುವುದು ಅಲ್ಲಿಯೇ.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಹೆಚ್ಚು ಕೈ ಬದಲಾಯಿಸಿದ ಪುಸ್ತಕಗಳ ಹೊದಿಕೆ ಹರಿದಾಗ ಅದನ್ನು ಕಿತ್ತು ರಟ್ಟು, ಕ್ಯಾಲಿಕೋ, ರೆಕ್ಸಿನ್ ಹಾಕಿ ಮತ್ತೆ ಬೈಂಡ್ ಮಾಡಿಸುತ್ತಾರೆ. ಹಾಗೆ ಬೈಂಡ್ ಆದ ಪುಸ್ತಕದ ಬಣ್ಣ ಬೈಂಡರ್ ಹತ್ತಿರ ಅಂದು ಇದ್ದ ಬಟ್ಟೆಯ ಬಣ್ಣ. ಅದನ್ನು ಎಣಿಕೆಗೆ ಸೇರಿಸಬೇಡಿ. ಮೂಲ ಮುಖಪುಟವನ್ನು ಒಳಗೆ ಮೊದಲ ಹಾಳೆಯಾಗಿ ಸೇರಿಸಿ ಹೊಲಿದಿರುವುದೂ ಉಂಟು, ರಟ್ಟು ತೆರೆದು ನೋಡಿ. ಇನ್ನೊಂದು ಮಾತು: ಒಂದು ಪುಸ್ತಕಕ್ಕೆ ರೆಕ್ಸಿನ್ ಹಾಕಿಸುವಷ್ಟು ಓದುಗರು ಸಿಕ್ಕಿದ್ದಾರೆ ಎಂಬುದೇ ಸಣ್ಣ ಶಿಫಾರಸು. ಬಣ್ಣದ ಆಟ ಬೇಸರವಾದ ದಿನ ಬೈಂಡ್ ಆದ ಪುಸ್ತಕಗಳನ್ನಷ್ಟೇ ನೋಡಿ ಒಂದನ್ನು ತನ್ನಿ.

ಹಳ್ಳಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಸಂಗ್ರಹ ಚಿಕ್ಕದು. ಅಲ್ಲಿ ಬಣ್ಣ ಬಿಟ್ಟು ಚಿತ್ರ ಹಿಡಿಯಿರಿ: ಹಕ್ಕಿ, ಮನೆ, ದಾರಿ, ಕೈ, ಹೀಗೆ ಒಂದೇ ಪದ. ಆನ್‌ಲೈನ್‌ನಲ್ಲಿ ಕೊಳ್ಳುವವರು ಪರದೆಯ ಬಣ್ಣ ನಂಬಬಾರದು. ಪರದೆಯಲ್ಲಿ ಝಗಝಗಿಸುವ ಕಿತ್ತಳೆಯೂ ಹಸಿರೂ ನಾಲ್ಕು ಶಾಯಿಯ ಆಫ್‌ಸೆಟ್ ಅಚ್ಚಿನಲ್ಲಿ ಮಂಕಾಗುತ್ತವೆ. ಹಳೆಯ ಮುದ್ರಣದ ಮುಖಪುಟ ತೋರಿಸಿ ಹೊಸ ಮುದ್ರಣ ಕಳಿಸುವುದೂ ಸಾಮಾನ್ಯ. ಮುಖಪುಟದ ಮತ್ತು ಮುದ್ರಣ ವಿವರದ ಪುಟದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕೇಳಿ, ಬಹಳ ಅಂಗಡಿಯವರು ಕಳಿಸುತ್ತಾರೆ.

ಮಾಸಿದ ಬಣ್ಣ

ಹಳೆಯ ಪುಸ್ತಕಗಳ ರಾಶಿಯಲ್ಲಿ ನೀಲಿ ಪುಸ್ತಕಗಳೇ ಹೆಚ್ಚೆಂದು ಅನ್ನಿಸಿದರೆ ಆಶ್ಚರ್ಯ ಬೇಡ. ಬಣ್ಣದ ಅಚ್ಚಿಗೆ ಬಳಸುವ ನಾಲ್ಕು ಶಾಯಿಗಳು ಸಯಾನ್, ಮಜೆಂಟಾ, ಹಳದಿ, ಕಪ್ಪು. ಬಿಸಿಲಿಗೆ ಇವುಗಳಲ್ಲಿ ಹಳದಿಯೂ ಮಜೆಂಟಾವೂ ಮೊದಲು ಸೋಲುತ್ತವೆ. ಸಯಾನ್, ಕಪ್ಪು ಬಹುಕಾಲ ನಿಲ್ಲುತ್ತವೆ. ಕಿಟಕಿ ಪಕ್ಕದ ಕಪಾಟಿನಲ್ಲಿ ನಿಂತ ಹಸಿರು ಪುಸ್ತಕದಿಂದ ಹಳದಿ ಹೋದರೆ ಉಳಿಯುವುದು ನೀಲಿ. ಕೆಂಪು ಪುಸ್ತಕ ತಿಳಿಗುಲಾಬಿಯಾಗಿ, ಕೊನೆಗೆ ಬಿಳಚಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಬೆನ್ನನ್ನೂ ಮುಂಬದಿಯನ್ನೂ ಹೋಲಿಸಿ. ಕಪಾಟಿನಲ್ಲಿ ನಿಂತ ಪುಸ್ತಕದ ಬೆನ್ನು ಮಾತ್ರ ಬೆಳಕಿಗೆ ಒಡ್ಡಿರುವುದರಿಂದ ಅದು ಮೊದಲು ಮಾಸುತ್ತದೆ. ಮುಖಪುಟದ ಅಂಚನ್ನು ಒಳಕ್ಕೆ ಮಡಿಚಿದ ಪುಸ್ತಕವಾದರೆ ಆ ಮಡಿಕೆಯ ಒಳಗೆ ನಿಜವಾದ ಬಣ್ಣ ಹಾಗೇ ಇರುತ್ತದೆ. ಸಂಜೆ ಹಳದಿ ಬಲ್ಬಿನ ಕೆಳಗೆ ಗಾಢ ನೀಲಿ ಕಪ್ಪಾಗಿ ಕಾಣುತ್ತದೆ, ಸಂದೇಹ ಬಂದರೆ ಕಿಟಕಿಯ ಹತ್ತಿರ ಒಯ್ಯಿರಿ.

ಇನ್ನು ಅಚ್ಚುಮೊಳೆ ಕಾಲದ ಪುಸ್ತಕಗಳು. ಆಗ ಪ್ರತಿ ಬಣ್ಣಕ್ಕೆ ಪ್ರತ್ಯೇಕ ಬ್ಲಾಕ್ ಮಾಡಿಸಿ, ಹಾಳೆಯನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಡಬೇಕಿತ್ತು. ಖರ್ಚು ಉಳಿಸಲು ಎರಡೇ ಬಣ್ಣದಲ್ಲಿ ಮುಗಿಸುತ್ತಿದ್ದರು. ಅಂಥ ಮುಖಪುಟದ ಬಡ ಬಣ್ಣ ನೋಡಿ ಪುಸ್ತಕವೂ ಬಡವೆಂದು ತೀರ್ಮಾನಿಸಿದರೆ ನಷ್ಟ ನಿಮಗೆ. ಎರಡು ಬಣ್ಣದ ಇಕ್ಕಟ್ಟಿನಲ್ಲಿ ಕಲಾವಿದರು ಕೈಯಿಂದ ಬರೆದ ಶೀರ್ಷಿಕೆಯ ಅಕ್ಷರಗಳ ಚೆಂದ ಇವತ್ತಿನ ಕಂಪ್ಯೂಟರ್ ಅಕ್ಷರಕ್ಕೆ ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಬಣ್ಣಕ್ಕೆ ಅಂಟಿರುವ ರೂಢಿ

ಕೆಲವು ಬಣ್ಣಗಳನ್ನು ಪ್ರಕಾಶಕರು ಗುರುತಿನಂತೆ ಬಳಸುತ್ತಾರೆ. ಅಂಬೇಡ್ಕರ್ ಚಿಂತನೆಯ ಪುಸ್ತಕಗಳಿಗೆ ನೀಲಿ, ಎಡಪಂಥೀಯ ವಿಚಾರಗಳಿಗೆ ಕೆಂಪು, ಕನ್ನಡ ನಾಡುನುಡಿಗೆ ಅರಿಶಿನ ಕುಂಕುಮ, ಕೃಷಿ ಮತ್ತು ಪರಿಸರಕ್ಕೆ ಹಸಿರು, ಅಧ್ಯಾತ್ಮಕ್ಕೆ ಕೇಸರಿ, ಪತ್ತೇದಾರಿಗೆ ಕಪ್ಪಿನ ಮೇಲೆ ಕೆಂಪು. ಇದು ನಿಯಮವಲ್ಲ, ರೂಢಿ. ಇದನ್ನು ತಿಳಿದುಕೊಂಡರೆ ಎರಡು ಕೆಲಸವಾಗುತ್ತದೆ. ಆ ವಿಷಯವೇ ಬೇಕಿದ್ದರೆ ಬೇಗ ಸಿಗುತ್ತದೆ. ಅನಿರೀಕ್ಷಿತವೇ ಬೇಕಿದ್ದರೆ ರೂಢಿಗೆ ಹೊರತಾದದ್ದನ್ನು ಹುಡುಕಬಹುದು: ಹಸಿರು ಮುಖಪುಟದ ಪತ್ತೇದಾರಿ, ಕಪ್ಪು ಮುಖಪುಟದ ಅಡುಗೆ ಪುಸ್ತಕ. ಹೀಗೆ ರೂಢಿ ಮುರಿದಿದ್ದರೆ ಯಾರೋ ಕೂತು ಯೋಚಿಸಿದ್ದಾರೆ ಎಂದೇ ಅರ್ಥ.

ಚಿತ್ರ ನೋಡುವಾಗ

ಬಣ್ಣಕ್ಕಿಂತ ಚಿತ್ರ ಹೆಚ್ಚು ಮಾತಾಡುತ್ತದೆ, ಹೆಚ್ಚು ಸಿಕ್ಕಿಬೀಳುತ್ತದೆ ಕೂಡ. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಯವರಿಗೆ ಈ ಪರೀಕ್ಷೆಯಲ್ಲಿ ಒಂದು ಅನುಕೂಲವಿದೆ, ಇಲ್ಲಿನ ಕಲ್ಲು, ಕಾಡು, ಗಿಡ ನಮಗೆ ಗೊತ್ತು.

ಹೊಯ್ಸಳ ಶಿಲ್ಪವಿರುವ ಮುಖಪುಟ ತೆಗೆದುಕೊಳ್ಳಿ. ಮದನಿಕೆಯ ಚಿತ್ರ ಇತಿಹಾಸದ ಪುಸ್ತಕಕ್ಕೂ ಬರುತ್ತದೆ, ಕವನಕ್ಕೂ, ನೃತ್ಯಕ್ಕೂ, ಸ್ತ್ರೀವಾದಿ ಲೇಖನಗಳಿಗೂ. ಆದ್ದರಿಂದ ಚಿತ್ರದಿಂದ ವಿಷಯ ಊಹಿಸುವ ಬದಲು ಪ್ರಕಾಶಕರ ಶ್ರದ್ಧೆ ಅಳೆಯಿರಿ. ಬೇಲೂರಿನ ಚೆನ್ನಕೇಶವ ಗುಡಿಗೂ ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೂ ಇಂದು ಶಿಖರವಿಲ್ಲ. ಬೇಲೂರಿನಲ್ಲಿ ಎತ್ತರಕ್ಕೆ ಕಾಣುವುದು ಮಹಾದ್ವಾರದ ಗೋಪುರ. ಮೂರು ಶಿಖರಗಳಿರುವ ನಕ್ಷತ್ರಾಕಾರದ ಗುಡಿ ಕಂಡರೆ ಅದು ಬಹುಮಟ್ಟಿಗೆ ಮೈಸೂರು ಜಿಲ್ಲೆಯ ಸೋಮನಾಥಪುರ. ಶೀರ್ಷಿಕೆಯಲ್ಲಿ ಬೇಲೂರು, ಚಿತ್ರದಲ್ಲಿ ಸೋಮನಾಥಪುರ ಇದ್ದರೆ ಒಳಗಿನ ಇಸವಿಗಳನ್ನೂ ಅಷ್ಟೇ ಅನುಮಾನದಿಂದ ಓದಿ. 2023ರಲ್ಲಿ ಈ ಮೂರೂ ಗುಡಿಗಳು ಒಟ್ಟಾಗಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ, ಅದರಿಂದ ಗೊಂದಲ ಇನ್ನೂ ಸುಲಭವಾಗಿದೆ.

ಕಾಫಿ ತೋಟದ ಚಿತ್ರಕ್ಕೂ ಇಂಥದೇ ಪರೀಕ್ಷೆ. ಅರೇಬಿಕಾ ಹಣ್ಣು ಕೆಂಪಾಗಿ ಕೊಯ್ಲಿಗೆ ಬರುವುದು ನವೆಂಬರ್‌ನಿಂದ. ತೋಟ ಮಲ್ಲಿಗೆಯಂತೆ ಬೆಳ್ಳಗೆ ಹೂ ಬಿಡುವುದು ಕೊಯ್ಲು ಮುಗಿದು ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದ ಮೇಲೆ. ಒಂದೇ ರೆಂಬೆಯಲ್ಲಿ ಗೊಂಚಲು ಗೊಂಚಲು ಹಣ್ಣು, ತುಂಬಿದ ಹೂ ಎರಡನ್ನೂ ತೋರಿಸಿದ್ದರೆ ಚಿತ್ರ ಬರೆದವರು ತೋಟ ನೋಡಿಲ್ಲ. ಲೇಖಕರು ನೋಡಿದ್ದಾರೆಯೇ ಎಂಬುದಕ್ಕೆ ನಡುವಿನ ಒಂದು ಪುಟ ಓದಿದರೆ ಸಾಕು. ಚಿಗುರು ತೆಗೆಯುವುದು, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಕಣದಲ್ಲಿ ಹರವುವುದು, ಇಂಥ ಮಾತುಗಳು ಸರಿಯಾದ ಜಾಗದಲ್ಲಿ ಬಂದಿವೆಯೇ ನೋಡಿ. ಮಂಜು, ಹೆಂಚಿನ ಮನೆ, ಒಂಟಿ ಹೆಂಗಸಿನ ಬೆನ್ನು, ಈ ಮೂರೂ ಸೇರಿದ ಮುಖಪುಟವಂತೂ ಮಲೆನಾಡಿನ ಕಾದಂಬರಿಗಳ ಸಮವಸ್ತ್ರವಾಗಿದೆ. ಅದರಿಂದ ಏನೂ ತಿಳಿಯುವುದಿಲ್ಲ.

ಲೇಖಕರದೋ ಬೇರೆ ಯಾರದೋ ಭಾವಚಿತ್ರ ಪೂರ್ತಿ ಮುಖಪುಟ ತುಂಬಿದ್ದರೆ ಅದು ಜೀವನಚರಿತ್ರೆ, ಸಮಗ್ರ ಸಂಪುಟ ಅಥವಾ ಅಭಿನಂದನ ಗ್ರಂಥ ಆಗಿರುವ ಸಾಧ್ಯತೆ ಹೆಚ್ಚು. ಅಭಿನಂದನ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೊರಡಬೇಡಿ. ಪರಿವಿಡಿ ನೋಡಿ ನಾಲ್ಕು ಲೇಖನ ಆರಿಸಿ. ಸಮಗ್ರ ಸಂಪುಟ ಗ್ರಂಥಾಲಯದ ಹದಿನೈದು ದಿನದ ಗಡುವಿಗೆ ಆಗುವ ಪುಸ್ತಕವೇ ಅಲ್ಲ.

ಈಚೆಗೆ ಎಐ ಚಿತ್ರದ ಮುಖಪುಟಗಳು ಬರುತ್ತಿವೆ. ಬೆರಳುಗಳನ್ನು ಎಣಿಸಿ, ಹಿನ್ನೆಲೆಯ ಅಂಗಡಿ ಬೋರ್ಡು, ಬಸ್ಸಿನ ಫಲಕಗಳನ್ನು ಓದಲು ನೋಡಿ. ಕನ್ನಡದಂತೆ ಕಂಡು ಯಾವ ಅಕ್ಷರವೂ ಅಲ್ಲದ ಸುರುಳಿಗಳಿದ್ದರೆ ಗುಟ್ಟು ಬಯಲಾಯಿತು. ಅಷ್ಟಕ್ಕೇ ಪುಸ್ತಕ ಬಿಡಬೇಕಿಲ್ಲ, ಆದರೆ ಮುಂದೆ ಹೇಳುವ ಒಳಪರೀಕ್ಷೆಯನ್ನು ಬಿಗಿಮಾಡಿ.

ಪ್ರಶಸ್ತಿಯ ಮುದ್ರೆಯೂ ಮುಖಪುಟದ ಚಿತ್ರವೇ. ‘ಪ್ರಶಸ್ತಿ ಪುರಸ್ಕೃತ ಕೃತಿ’ ಎಂಬುದು ಬೇರೆ, ‘ಪ್ರಶಸ್ತಿ ಪುರಸ್ಕೃತ ಲೇಖಕರ ಕೃತಿ’ ಎಂಬುದು ಬೇರೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದದ್ದು ‘ಹಾರ್ಟ್ ಲ್ಯಾಂಪ್’ ಎಂಬ ಇಂಗ್ಲಿಷ್ ಸಂಕಲನಕ್ಕೆ. ಅದರ 12 ಕಥೆಗಳು ದೀಪಾ ಭಾಸ್ತಿ ಅನುವಾದಿಸಿದವು, ಕನ್ನಡದಲ್ಲಿ ಹಲವು ಸಂಕಲನಗಳಲ್ಲಿ ಹಂಚಿಹೋಗಿದ್ದವು. ಹಾಗಾಗಿ ಯಾವುದಾದರೂ ಒಂದು ಕನ್ನಡ ಸಂಕಲನ ಹಿಡಿದು ‘ಇದೇ ಬೂಕರ್ ಪುಸ್ತಕ’ ಎಂದುಕೊಳ್ಳುವ ಮುನ್ನ ಪರಿವಿಡಿ ತೆರೆದು ಕಥೆಗಳ ಹೆಸರು ನೋಡಬೇಕು.

ಐದು ನಿಮಿಷದ ಒಳಪರೀಕ್ಷೆ

ಮೂರು ಪುಸ್ತಕ ಮೇಜಿನ ಮೇಲೆ ಬಂದವು. ಈಗ ಮುಖಪುಟವನ್ನು ಮಗುಚಿಡಿ, ಅದರ ಕೆಲಸ ಮುಗಿಯಿತು. ಒಂದೊಂದಕ್ಕೆ ಐದು ನಿಮಿಷ.

1. ಬೆನ್ನುಡಿ. ಹೊಗಳಿಕೆಯನ್ನು ಹಾರಿಸಿ ಅಕ್ಷರ ನೋಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ ಕಳಚುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವುದು ಉಂಟು. ಎಲ್ಲರೂ ಓದುವ ಬೆನ್ನುಡಿಯಲ್ಲೇ ಹಾಗಿದ್ದರೆ ಒಳಗೆ ಕರಡು ತಿದ್ದಿದವರಿಲ್ಲ.

2. ಮುದ್ರಣ ವಿವರದ ಪುಟ, ಶೀರ್ಷಿಕೆ ಪುಟದ ಹಿಂಬದಿಯದು. ಕನ್ನಡ ಪುಸ್ತಕಗಳಲ್ಲಿ ಈ ಪುಟ ಉದಾರವಾದದ್ದು: ಮೊದಲ ಮುದ್ರಣದ ವರ್ಷ, ಈಗಿನದು ಎಷ್ಟನೆಯದು, ಪ್ರತಿಗಳು, ಪುಟಗಳು, ಡೆಮಿ 1/8 ಅಥವಾ ಕ್ರೌನ್ 1/8 ಅಳತೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ ಎಂಬವರೆಗೆ ಬರೆದಿರುತ್ತಾರೆ. ನೀವು ನೋಡಬೇಕಾದ್ದು ಮೊದಲ ಮುದ್ರಣದ ವರ್ಷ. ಹೊಸ ಮುಖಪುಟ ತೊಟ್ಟ ಹಳೆಯ ಪುಸ್ತಕವನ್ನು, ಕಾಲೇಜಿನಲ್ಲಿ ಓದಿ ಮರೆತದ್ದನ್ನೇ, ಮತ್ತೆ ದುಡ್ಡು ಕೊಟ್ಟು ತರುವುದು ಈ ವಿಧಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು.

3. ಅದೇ ಪುಟದಲ್ಲಿ ‘ಮುಖಪುಟ ವಿನ್ಯಾಸ’ ಅಥವಾ ‘ಮುಖಪುಟ ಚಿತ್ರ’ ಎಂಬ ಸಾಲು. ಹೆಸರಿದ್ದರೆ ಗುರುತು ಹಾಕಿಕೊಳ್ಳಿ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಅಪಾರ ಮುಂತಾದವರ ಹೆಸರು ಕನ್ನಡ ಮುಖಪುಟಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಬಣ್ಣದ ಸುತ್ತು ಮುಗಿದ ಮೇಲೆ ಕಲಾವಿದರ ಹೆಸರು ಹಿಡಿದು ಹುಡುಕುವುದು ಮುಂದಿನ ಮೆಟ್ಟಿಲು. ಅದು ಬಣ್ಣಕ್ಕಿಂತ ನಂಬಿಕಸ್ಥ ದಾರಿ.

4. ನಡುವಿನ ಒಂದು ಪುಟ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಒಟ್ಟು ಪುಟವನ್ನು ಮೂರರಿಂದ ಭಾಗಿಸಿ, ಬಂದ ಸಂಖ್ಯೆಯ ಪುಟ ಓದಿ. 210 ಪುಟವಿದ್ದರೆ 70ನೆಯದು. ಆ ಪುಟ ಮುಗಿಸಿದಾಗ 71ಕ್ಕೆ ಕಣ್ಣು ತಾನಾಗಿ ಹೋದರೆ ಪುಸ್ತಕ ನಿಮ್ಮದು. ಮುನ್ನುಡಿಯನ್ನು ಈ ಹಂತದಲ್ಲಿ ಮುಟ್ಟಬೇಡಿ, ಕಥೆಯನ್ನೆಲ್ಲ ಅಲ್ಲೇ ಹೇಳಿಬಿಡುವ ಮುನ್ನುಡಿಕಾರರಿದ್ದಾರೆ.

5. ಕೊನೆಗೆ ಹೊಲಿಗೆ. ಪುಸ್ತಕವನ್ನು ನಡುವೆ ತೆರೆದು ಬೆನ್ನಿನ ಒಳಗೆ ನೋಡಿ. ದಾರ ಕಂಡರೆ ಹೊಲಿದದ್ದು, ಬರೀ ಗೋಂದು ಕಂಡರೆ ಅಂಟಿಸಿದ್ದು. ಅಂಟಿಸಿದ ದಪ್ಪ ಪುಸ್ತಕವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪುಟಸಂಖ್ಯೆ ಸರಸರ ನೋಡಿಕೊಳ್ಳಿ. ಗೋಂದು ಒಣಗಿ ಹಾಳೆ ಉದುರಿರುತ್ತವೆ, ಉದುರುವುದು ಯಾವಾಗಲೂ ಕಥೆ ಬಿಗಿಯಾಗುವ ಕಡೆಯೇ.

ಎರಡು ಪುಸ್ತಕ ಸಮಬಲವಾದರೆ ತೆಳುವಾದದ್ದು ಮೊದಲು. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್. ಕಿಟಕಿ ಪಕ್ಕ ಸೀಟು ಸಿಕ್ಕರೆ ತೆಳ್ಳಗಿನ ನಾಟಕವೊಂದು ಹೋಗಿ ಬರುವುದರಲ್ಲಿ ಮುಗಿಯುತ್ತದೆ.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮನೆಗಳಲ್ಲಿ ಲ್ಯಾಮಿನೇಟ್ ಆದ ಮುಖಪುಟಗಳು ಹೊರಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಹೊರಮೈಗೆ ಪ್ಲಾಸ್ಟಿಕ್ ಪೊರೆ ಇರುವುದರಿಂದ ಆ ಕಡೆ ತೇವ ಇಳಿಯದು. ಒಳಮೈ ಕಾಗದ ತೇವ ಹೀರಿ ಹಿಗ್ಗುತ್ತದೆ, ಹಿಗ್ಗದ ಕಡೆಗೆ ರಟ್ಟು ಬಾಗುತ್ತದೆ. ಇಸ್ತ್ರಿಪೆಟ್ಟಿಗೆ ಇಡಬೇಡಿ, ಪೊರೆ ಸುಕ್ಕಾಗಿ ಬಣ್ಣದ ಸಮೇತ ಏಳುತ್ತದೆ. ಒಣಹವೆಯ ದಿನ ಎರಡು ಭಾರದ ಪುಸ್ತಕಗಳ ನಡುವೆ ಎರಡು ಮೂರು ದಿನ ಮಲಗಿಸಿಟ್ಟರೆ ಬಹಳಷ್ಟು ನೇರವಾಗುತ್ತದೆ.

ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿಗೆ ತಳ್ಳಿ. ನೆರಳಿನಲ್ಲಿ ಗಾಳಿಗೆ ಬಿಡಿ. ಬಿಸಿಲಿಗೆ ಹಾಕಿದರೆ ಬೂಷ್ಟಿನ ಜೊತೆ ಕೆಂಪೂ ಹೋಗುತ್ತದೆ. ಗ್ರಂಥಾಲಯದ ಪುಸ್ತಕವನ್ನು ಮಳೆಯಲ್ಲಿ ತರುವಾಗ ಪ್ಲಾಸ್ಟಿಕ್ ಚೀಲ ಸರಿ, ಮನೆಗೆ ಬಂದ ಕೂಡಲೇ ಹೊರತೆಗೆಯಿರಿ. ಚೀಲದೊಳಗೆ ಸಿಕ್ಕಿದ ತೇವವೇ ಬೂಷ್ಟಿಗೆ ತವರುಮನೆ.

ಮಕ್ಕಳೊಂದಿಗೆ, ಬಳಗದೊಂದಿಗೆ

ಮಕ್ಕಳಿಗೆ ಈ ವಿಧಾನ ಕಲಿಸಬೇಕಾಗಿಲ್ಲ, ಅವರು ಆರಿಸುವುದೇ ಹೀಗೆ. ಮಗು ಎತ್ತಿಕೊಂಡ ಪುಸ್ತಕದ ಒಂದು ಪುಟವನ್ನು ಅದರಿಂದಲೇ ಗಟ್ಟಿಯಾಗಿ ಓದಿಸಿ. ಐದಕ್ಕಿಂತ ಹೆಚ್ಚು ಪದಗಳಲ್ಲಿ ತಡವರಿಸಿದರೆ ಆ ಪುಸ್ತಕವನ್ನು ನೀವು ಓದಿ ಹೇಳಲು ತನ್ನಿ, ಮಗು ತಾನೇ ಓದಲು ಅದೇ ಬಣ್ಣದ ಇನ್ನೊಂದು. ನಾಲ್ಕೈದು ಜನರ ಓದುಗರ ಬಳಗವಿದ್ದರೆ ಬಣ್ಣಗಳನ್ನು ಚೀಟಿ ಎತ್ತಿ ಹಂಚಿಕೊಳ್ಳಿ, ತಿಂಗಳ ಕೊನೆಗೆ ಪುಸ್ತಕ ಬದಲಿಸಿಕೊಳ್ಳಿ.

ಒಂದು ನೋಟ್ ಪುಸ್ತಕದಲ್ಲಿ ಲೆಕ್ಕ ಇಡಿ: ಬಣ್ಣ, ಚಿತ್ರ, ಕಲಾವಿದರು, ಮೊದಲ ಮುದ್ರಣದ ವರ್ಷ, ಎಷ್ಟನೆಯ ಪುಟಕ್ಕೆ ಬಿಟ್ಟಿರಿ. ಕೊನೆಯ ಕಾಲಂ ಮುಖ್ಯ. ಹತ್ತು ಪುಸ್ತಕವಾದ ಮೇಲೆ ತಿರುವಿ ನೋಡಿ. ಕಪ್ಪು ಪುಸ್ತಕಗಳನ್ನೆಲ್ಲ 40ನೆಯ ಪುಟದ ಆಸುಪಾಸಿನಲ್ಲೇ ಬಿಟ್ಟಿದ್ದರೆ ಮುಂದಿನ ಸುತ್ತಿನ ಚೀಟಿಗಳಿಂದ ಕಪ್ಪನ್ನು ತೆಗೆದುಬಿಡಿ, ಆ ಜಾಗಕ್ಕೆ ‘ರೆಕ್ಸಿನ್ ಬೈಂಡ್’ ಎಂದು ಬರೆದು ಹಾಕಿ.